ರಾಜಿಯ ಚಹಾ

ಮೊದಲು ಅದು ತೆಂಗಿನಕಾಯಿ ಒಡೆದ ಸದ್ದಿನ ಹಾಗೆ ಕೇಳಿಸಿತು. ಶುಕ್ರವಾರ ಬೆಳಿಗ್ಗೆ, ಮಸ್ಕತ್ತಿನ ದಾರ್ಸೈಟಿನಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ನಾನು ನೀರುದೋಸೆ ಹೊಯ್ಯುತ್ತಿದ್ದೆ. ಮೇಲಿನ ಮಹಡಿಯಿಂದ ಟಪ್ ಎಂದು ಒಂದು ಸದ್ದು, ಅದರ ಹಿಂದೆಯೇ ಏನೋ ಭಾರದ ವಸ್ತು ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿ ನಿಂತದ್ದು. ರಜೆಯ ದಿನ, ಯಾರೋ ಕಾಯಿ ಒಡೆದರು ಎಂದುಕೊಂಡು ದೋಸೆಗೆ ಮುಚ್ಚಳ ಮುಚ್ಚಿದೆ. ಮೇಜಿನ ಹತ್ತಿರ ಕೂತಿದ್ದ ಸಿಸ್ಟರ್ ಮಾತ್ರ ಬಾಯಿಗಿಡಬೇಕಿದ್ದ ತುಂಡನ್ನು ತಟ್ಟೆಗೆ ಹಾಕಿ, ತಲೆಯೆತ್ತಿ ಮಾಡಿನ ಕಡೆ ನೋಡಿದಳು.

"ಅದು ಕಾಯಿ ಅಲ್ಲ, ಟೀಚರ," ಎಂದಳು. "ಎಲುಬು."

ಸಿಸ್ಟರ್ ಎಂದರೆ ನನ್ನ ಒಡಹುಟ್ಟಿದವಳಲ್ಲ. ಧಾರವಾಡದ ಕಡೆಯವಳು, ರೂವಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹಿರಿಯ ನರ್ಸ್. ಅದಕ್ಕೂ ಮೊದಲು ಬಹುಕಾಲ ಮೂಳೆ ಆಪರೇಶನ್ನಿನ ಥಿಯೇಟರಿನಲ್ಲಿ ದುಡಿದವಳು. ಇಲ್ಲಿಯ ಕನ್ನಡದವರಿಗೆಲ್ಲ ಅವಳು ಸಿಸ್ಟರ್, ನಾನು ಟೀಚರ್. ಮನೆಯೊಳಗೂ ನಮಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಕೂದಲು ಕಪ್ಪಿದ್ದಾಗಿನಿಂದ ನಮ್ಮಿಬ್ಬರದು ಒಂದೇ ಅಡುಗೆಮನೆ, ಒಂದೇ ಮಂಚ, ಒಂದೇ ಜಗಳ. ಜನ ನಮ್ಮನ್ನು ಡಿಸ್ಟಂಟ್ ಕಸಿನ್ಸ್ ಎಂದುಕೊಂಡಿದ್ದರು. ನಾವು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ನಮ್ಮ ನನ್‌ಗಳು ಸುಳ್ಳು ಹೇಳಬಾರದೆಂದು ಕಲಿಸಿದ್ದರು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕೆಂದು ಕಲಿಸಿರಲಿಲ್ಲ.

ಆಗ ನಾನು ನಮ್ಮವರ ಸಂಘದ ಮಹಿಳಾ ವಿಭಾಗದ ಮುಖ್ಯಸ್ಥೆ. ರಂಗೋಲಿ ಸ್ಪರ್ಧೆ, ಅಂತ್ಯಾಕ್ಷರಿ ಎಲ್ಲ ಇತ್ತು, ಇಲ್ಲವೆಂದಲ್ಲ. ಆದರೆ ನಮ್ಮ ಮುಖ್ಯ ಕೆಲಸ, ಮನೆಗೆಲಸಕ್ಕೆಂದು ಬಂದು ಪೆಟ್ಟು ತಿನ್ನುವ ಹೆಂಗಸರನ್ನು ಊರಿಗೆ ಮುಟ್ಟಿಸುವುದು. ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದೆವು. ಹೇಗಾದರೂ ಆ ಮನೆಯೊಳಗೆ ಕಾಲಿಡುವುದು. ಗಂಡಸರನ್ನು ದೂರವಿಟ್ಟು, ಆಕೆಯೊಂದಿಗೆ ಆಕೆಯ ಮಾತಿನಲ್ಲೇ ಮಾತಾಡುವುದು. ಗಾಯ ನೋಡುವುದು ಸಿಸ್ಟರಿನ ಪಾಲು. ಆಮೇಲೆ ಮನೆಯ ಯಜಮಾನನನ್ನು ಟೀಚರ್ ಮನೆಗೆ ಚಹಾಕ್ಕೆ ಕರೆಯುವುದು. ಅಧ್ಯಕ್ಷರು, ಒಬ್ಬರೋ ಇಬ್ಬರೋ ಹಿರಿಯರು ಕೂತು, ಗೋಳಿಬಜೆ ತಿಂದು, ಊರು ಮನೆತನ ವಿಚಾರಿಸಿ, ಕೊನೆಗೆ ಮೆಲ್ಲನೆ "ಪಾಸ್‌ಪೋರ್ಟ್ ಕೊಡಿ, ಟಿಕೆಟ್ ಮಾಡಿಸಿ, ಖಲಾಸ್" ಎನ್ನುವುದು. ಪೊಲೀಸ್ ಇಲ್ಲ, ಕೋರ್ಟ್ ಇಲ್ಲ. ನಮ್ಮವರ ಮಾನ ನಮ್ಮೊಳಗೆ. ಇದಕ್ಕೆ ನಾವೇ ಇಟ್ಟ ಹೆಸರು ರಾಜಿಯ ಚಹಾ. ಎಷ್ಟೋ ಹೆಂಗಸರು ಆ ಚಹಾದಿಂದಲೇ ವಿಮಾನ ಹತ್ತಿದ್ದಾರೆ. ಸಿಸ್ಟರಿಗೆ ಮಾತ್ರ ಅದು ಹಿಡಿಸುತ್ತಿರಲಿಲ್ಲ. "ಹೊಡದಾಂವಗ ಬಜಿ, ಹೊಡಸ್ಕೊಂಡಾಕಿಗೆ ಟಿಕೆಟ್. ಭಾಳ ಛಲೋ ನ್ಯಾಯ ನಿಮ್ಮದು," ಎನ್ನುತ್ತಿದ್ದಳು.

ಮೇಲಿನ ಫ್ಲ್ಯಾಟು ಒಬ್ಬ ಕೇಟರಿಂಗ್ ಗುತ್ತಿಗೆದಾರನದು. ನಮ್ಮ ಕರಾವಳಿಯವನೇ. ಸಂಘದ ಎಲ್ಲ ಊಟಕ್ಕೂ ಅವನದೇ ಅಡುಗೆ, ಎಲ್ಲ ಸ್ಟೇಜಿನ ಮೇಲೂ ಅವನಿಗೊಂದು ಶಾಲು. ಅವನ ಮನೆಯಲ್ಲಿ ಕೆಲಸಕ್ಕಿದ್ದವಳು ಯಾದಗಿರಿ ಕಡೆಯ ತರುಣಿ. ಲಿಫ್ಟಿನಲ್ಲಿ ಕಂಡರೆ ಗೋಡೆಗೆ ಮುಖ ಮಾಡಿ ನಿಲ್ಲುವವಳು. ಕೆಳಗೆ ಅವನ ವ್ಯಾನು ಹೊರಟ ಸದ್ದು ಕೇಳಿದ ಮೇಲೆ ನಾವು ಮೆಟ್ಟಿಲು ಹತ್ತಿದೆವು.

ಬಾಗಿಲು ತೆರೆದದ್ದು ಅವನ ಹೆಂಡತಿ. ನೈಟಿಯ ಮೇಲೊಂದು ದುಪಟ್ಟ, ಉಸಿರು ಮೇಲೆ ಕೆಳಗೆ.

"ನಿಮ್ಮ ಕಿಚನ್ನಿಂದ ನಮ್ಮಲ್ಲಿಗೆ ನೀರು ಸೋರ್ತಾ ಉಂಟು, ಮಾರಾಯ್ರೆ," ಎಂದೆ. "ಒಮ್ಮೆ ನೋಡಿ ಹೋಗ್ತೇವೆ."

"ನಾಳೆ ನೋಡುವ ಟೀಚರ್. ಇವರು ಈಗ ಹೊರಗೆ ಹೋದದ್ದಷ್ಟೆ."

"ನಾಳೆ ಬರ್ತೇನೆ ಅಂತ ನೀರು ಹೇಳಬೇಕಲ್ಲ," ಎಂದು ನಾನು ನಗುತ್ತಿರುವಾಗಲೇ ಸಿಸ್ಟರ್ ನನ್ನ ಪಕ್ಕದಿಂದ ನುಸುಳಿ ಒಳಗೆ ಹೋಗಿ ಆಗಿತ್ತು.

ತರುಣಿ ಗ್ಯಾಸ್ ಸಿಲಿಂಡರಿಗೆ ಒರಗಿ ಬಿದ್ದಿದ್ದಳು. ಹತ್ತಿರ ಕಬ್ಬಿಣದ ದೋಸೆ ಕಾವಲಿ. ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ಕೆಳದವಡೆ ಬಿಜಾಗರಿ ಕಳಚಿದ ಕಿಟಕಿಯ ಹಾಗೆ ತೂಗುತ್ತಿತ್ತು. ನೆಲದ ಮೇಲೆ ರಕ್ತ, ರಕ್ತದಲ್ಲಿ ಹಲ್ಲು. ಗಂಟಲಿನಿಂದ ಗೊರಗೊರ ಸದ್ದು. ಸಿಸ್ಟರ್ ಮಂಡಿಯೂರಿ ಕೂತು ಅವಳನ್ನು ಎಬ್ಬಿಸಿ ಮುಂದಕ್ಕೆ ಬಾಗಿಸಿದಳು. ಬಾಯಿಯೊಳಗೆ ಎರಡು ಬೆರಳು ಹಾಕಿ ಹೆಪ್ಪುಗಟ್ಟಿದ ರಕ್ತ ತೆಗೆದಳು. "ಮಲಗಸಬ್ಯಾಡ್ರಿ ಈಕೀನ. ಎರಡೂ ಕಡೆ ದವಡಿ ಮುರದದ. ನಾಲಿಗಿ ಹಿಂದ ಬಿದ್ರ ಉಸರ ಕಟ್ಟಿ ಹೋಗ್ತಾಳ." ಕೈ ಚಾಚಿ ಹೆಂಡತಿಯ ಹೆಗಲಿನಿಂದ ದುಪಟ್ಟವನ್ನೇ ಎಳೆದು, ಗದ್ದಕ್ಕೆ ಆಸರೆಯಾಗುವಷ್ಟು ಮಾತ್ರ, ಸಡಿಲವಾಗಿ ಕಟ್ಟಿದಳು. ತೋಳು ಮಡಚಿದಾಗ ಹಳೆಯ ಸುಟ್ಟ ಗುರುತುಗಳು ಕಂಡವು. ಉರುಟುರುಟು, ಸೌಟಿನ ತಲೆಯ ಅಳತೆ.

"ಅವಳು ಬಿದ್ದದ್ದು. ಸ್ಲಿಪ್ಪಾಗಿ," ಎಂದಳು ಹೆಂಡತಿ.

"ಹೌದ್ರಿ. ಕಾವಲೀನೂ ಸ್ಲಿಪ್ಪಾಗಿರಬೇಕು," ಎಂದಳು ಸಿಸ್ಟರ್, ತಲೆ ಎತ್ತದೆ.

ತರುಣಿಯನ್ನು ಹಿಡಿದು ಕೆಳಗೆ ಕರೆದೊಯ್ಯುವಾಗ ಆ ಹೆಂಡತಿ ತಡೆಯಲಿಲ್ಲ. ಅವಳ ಕೊರಳಲ್ಲೂ ಬೆರಳಿನ ಗುರುತಿತ್ತೆಂದು ಸಿಸ್ಟರ್ ಆಮೇಲೆ ಹೇಳಿದಳು. ನಾನು ಗಮನಿಸಿರಲಿಲ್ಲ.

ಕಾರಿನಲ್ಲಿ ಕೂತು ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು, "ಗವರ್ಮೆಂಟ್ ಆಸ್ಪತ್ರೆಗೆ ಬೇಡ ಟೀಚರ್, ಅಲ್ಲಿ ಸೀದಾ ಪೊಲೀಸ್ ಬರ್ತದೆ. ಸಿಸ್ಟರ್ ಕ್ಲಿನಿಕ್ಕಿಗೆ ತೋರಿಸಿ. ಸಂಜೆ ನಿಮ್ಮಲ್ಲಿ ಚಹಾ ಇಡುವ," ಎಂದರು.

"ಇದು ಚಹಾದ ಕೇಸ್ ಅಲ್ಲ," ಎಂದಳು ಸಿಸ್ಟರ್ ಹಿಂದಿನ ಸೀಟಿನಿಂದ. ತರುಣಿಯ ಹಣೆ ಅವಳ ಅಂಗೈಯಲ್ಲಿತ್ತು.

ನನಗೆ ನನ್ನ ಲೆಕ್ಕಾಚಾರ. ಪಾಸ್‌ಪೋರ್ಟ್ ಅವನ ಕೈಯಲ್ಲಿ, ಅವಳ ವೀಸಾಕ್ಕೆ ಜವಾಬ್ದಾರನಾದ ಕಫೀಲ್ ಕೂಡ ಅವನೇ. ಪಾಸ್‌ಪೋರ್ಟ್ ಇಲ್ಲದೆ ಹೊರಬಿದ್ದರೆ ಅವನು ಓಡಿಹೋದವಳೆಂದು ದೂರು ಕೊಡುತ್ತಾನೆ. ಗಾಯ ಅವಳದು, ಅಪರಾಧವೂ ಅವಳದೇ ಆಗುತ್ತದೆ. ಮೊದಲು ಪಾಸ್‌ಪೋರ್ಟ್, ಸಂಜೆಯೇ ದೊಡ್ಡ ಆಸ್ಪತ್ರೆ ಎಂದೆ. ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು, ನೋವಿಗೆ ಇಂಜೆಕ್ಷನ್ ಕೊಟ್ಟು, ಬೇಗ ದವಡೆ ಜೋಡಿಸಬೇಕೆಂದರು. ಮನೆಗೆ ಕರೆತಂದು ನಮ್ಮ ಮಂಚದ ಮೇಲೆ ದಿಂಬುಗಳನ್ನು ಒಟ್ಟಿ ಕೂರಿಸಿದೆವು. ಸಿಸ್ಟರ್ ಹತ್ತಿರವೇ ಕುರ್ಚಿ ಹಾಕಿಕೊಂಡಳು, ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಮೈದಾ ಮೊಸರು ಕಲಸಿದೆ.

ಗುತ್ತಿಗೆದಾರ ಇಸ್ತ್ರಿ ಮುರಿಯದ ಬಿಳಿ ಶರ್ಟಿನಲ್ಲಿ ಬಂದ, ಜೊತೆಗೆ ವ್ಯಾನಿನ ಡ್ರೈವರ್. ಅಧ್ಯಕ್ಷರೂ ಒಬ್ಬ ಹಿರಿಯರೂ ಅದಾಗಲೇ ಕೂತಿದ್ದರು.

"ಟೀಚರ್, ನೀವು ನಮಗೆ ತಾಯಿ ಸಮಾನ," ಎಂದು ಬಜೆ ಚಟ್ನಿಗೆ ಅದ್ದಿದ. "ಸಿಟ್ಟು ಬಂತು, ಕೈ ತಪ್ಪಿತು. ಪಾಸ್‌ಪೋರ್ಟ್ ಕೊಡ್ತೇನೆ. ಟಿಕೆಟ್ ಕೊಡ್ತೇನೆ. ನಿಮ್ಮ ಮಾತು ಮೀರುದುಂಟಾ?"

"ಸಂತೋಷ," ಎಂದರು ಅಧ್ಯಕ್ಷರು.

"ಒಮ್ಮೆ ಅವಳ ಮುಖ ನೋಡಿ ಸಾರಿ ಹೇಳ್ತೇನೆ. ಮನಸ್ಸಿಗೆ ಸಮಾಧಾನ."

"ಅದು ನಮ್ಮ ಪದ್ಧತಿ ಅಲ್ಲ," ಎಂದೆ. "ಒಳಗೆ ಗಂಡಸರು ಹೋಗುವ ಹಾಗಿಲ್ಲ."

"ಹೇಳಲಿ ಬಿಡಿ ಟೀಚರ್. ಒಂದು ಸಾರಿಯಿಂದ ಎಂತ ಆಗ್ತದೆ?" ಎಂದರು ಅಧ್ಯಕ್ಷರು. ಅವನು ಆಗಲೇ ಎದ್ದಾಗಿತ್ತು.

ಸಿಸ್ಟರ್ ಸದ್ದು ಕೇಳಿ ಬಾಗಿಲು ಒತ್ತಿದಳು. ಚಿಲಕ ಹಾಕುವಷ್ಟು ಸಮಯ ಸಿಗಲಿಲ್ಲ. ಅವನು ಹೆಗಲಿನಿಂದ ಗುದ್ದಿದ, ಬಾಗಿಲು ತೆರೆದುಕೊಂಡಿತು. ಅವಳು ಅಡ್ಡ ನಿಂತು ಚೌಕಟ್ಟು ಹಿಡಿದಳು. ಅವನು ಬಾಗಿಲನ್ನು ಹಿಂದಕ್ಕೆಳೆದು ಅವಳ ಮುಂಗೈ ಮೇಲೆ ಹಾಕಿದ. ಒಮ್ಮೆ ಅಲ್ಲ, ಕೈ ಬಿಡುವವರೆಗೆ. ಅವಳು ಕೂಗಲಿಲ್ಲ, ಮೊಣಕಾಲಿನ ಮೇಲೆ ಕುಸಿದಳು. ಅವನು ಅವಳನ್ನು ದಾಟಿ ಹೋಗಿ ತರುಣಿಯ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮಂಚದಿಂದ ಎಳೆದ. ಮುರಿದ ದವಡೆಯಿಂದ ಬಂದ ಆ ಕೂಗು ಮನುಷ್ಯರದೆಂದು ಅನಿಸಲಿಲ್ಲ. ಹಾಲ್‌ನ ನಡುವಿನಿಂದ ಎಳೆದುಕೊಂಡು ಬಂದ. ಟೀಪಾಯಿ ಮಗುಚಿತು, ಅವಳ ಹಿಮ್ಮಡಿ ನೆಲಕ್ಕೆ ಉಜ್ಜುತ್ತಿತ್ತು, ಹಿಂದೆ ರಕ್ತದ ಗೆರೆ. ಡ್ರೈವರ್ ಹೊರಬಾಗಿಲು ತೆರೆದು ಹಿಡಿದಿದ್ದ. ಹಿರಿಯರು ಪ್ಯಾಂಟಿಗೆ ಕಲೆಯಾಗದಂತೆ ಎರಡೂ ಕಾಲು ಸೋಫಾದ ಮೇಲೆ ಎತ್ತಿಕೊಂಡರು. ಇದನ್ನು ನಾನು ಕಣ್ಣಾರೆ ಕಂಡೆ. ಅಧ್ಯಕ್ಷರ ಕೈಯಲ್ಲಿ ಕಪ್ಪು ಹಾಗೆಯೇ ಇತ್ತು.

"ಗರ್ಲ್ಸ್, ಲೋವರ್ ಯುವರ್ ವಾಯ್ಸಸ್" ಎಂದು ಕಾನ್ವೆಂಟಿನಲ್ಲಿ ನಮ್ಮನ್ನು ಬೆಳೆಸಿದ್ದು. ನಾನು ದನಿ ಏರಿಸಲಿಲ್ಲ. ಒಲೆಯ ಮೇಲೆ ಎರಡನೇ ಸುತ್ತಿನ ಚಹಾ ಕುದಿಯುತ್ತಿತ್ತು. ಕೆಟಲನ್ನು ಎತ್ತಿಕೊಂಡು ಬಂದು ಅವನ ಮುಖಕ್ಕೆ ಎರಚಿದೆ. ಅವನು ಜಡೆ ಬಿಡಲಿಲ್ಲ. ಆಗ ಕೆಟಲಿನಿಂದಲೇ ಹೊಡೆದೆ, ಕಿವಿಯ ಮೇಲೆ, ಮತ್ತೆ ಮೂಗಿನ ಮೇಲೆ. ಚರ್ಮ ಬಿಳುಚಿ, ಕೆಂಪಾಗಿ, ಎದ್ದು ಬಂತು. ಬಿಟ್ಟ. ಡ್ರೈವರ್ ನನ್ನನ್ನು ಗೋಡೆಗೆ ಎಸೆದ. ಪಕ್ಕೆಲುಬಿನ ಹತ್ತಿರ ಏನೋ ಚಿಟ್ಟೆಂದಿತು. ಎದುರು ಮನೆಯ ಮಲಯಾಳಿ ದಂಪತಿ ಬಾಗಿಲು ತೆರೆದು ಬೊಬ್ಬೆ ಹಾಕಿದ್ದರಿಂದ ಇಬ್ಬರೂ ಮೆಟ್ಟಿಲಿಗೆ ಹಿಂದೆ ಸರಿದರು.

"ಪೊಲೀಸಿಗೆ ಹೋಗ್ತೀರಾ? ಹೋಗಿ," ಎಂದ ಅವನು, ಮುಖಕ್ಕೆ ಶರ್ಟು ಒತ್ತಿಕೊಂಡು. "ನಾನೂ ಹೋಗ್ತೇನೆ. ಒಳಗೆ ಒಂದೇ ಮಂಚ ಉಂಟು ಅಂತ ಹೇಳ್ತೇನೆ. ಮುದುಕಿಯರ ಸಂಸಾರ. ಈ ದೇಶದಲ್ಲಿ ಅದಕ್ಕೆ ಜೈಲು, ಗೊತ್ತುಂಟಲ್ಲ ಟೀಚರ್?"

ಬಾಗಿಲು ಹಾಕಿಕೊಂಡ ಮೇಲೆ ಅಧ್ಯಕ್ಷರು ಕಪ್ಪು ಕೆಳಗಿಟ್ಟರು. "ಎರಡೂ ಕಡೆ ಆಗಬಾರದ್ದು ಆಯ್ತು. ನಾನು ಮಾತಾಡ್ತೇನೆ. ನಾಳೆ ಪಾಸ್‌ಪೋರ್ಟ್ ಬರ್ತದೆ. ನೀವು ಸುಮ್ಮನಿದ್ದರೆ ಅವನೂ ಸುಮ್ಮನಿರ್ತಾನೆ." ಮತ್ತೆ ನನ್ನ ಮುಖ ನೋಡದೆ, "ನಿಮ್ಮ ಒಳ್ಳೆಯದಕ್ಕೇ ಹೇಳುದು," ಎಂದರು.

ಸುಳ್ಳು ಯಾಕೆ, ಆ ಮಾತು ನನ್ನನ್ನು ಎಳೆಯಿತು. ತರುಣಿ ಊರಿಗೆ ಹೋಗುತ್ತಾಳೆ, ನಮ್ಮ ಮನೆ ನಮಗೆ ಉಳಿಯುತ್ತದೆ. ಇನ್ನೇನು ಬೇಕು? ಆದರೆ ಪದ್ಧತಿಯ ಒಂದು ಭಾಗ ಇನ್ನೂ ಬಾಕಿಯಿತ್ತು. ಆಕೆಯನ್ನು ಯಾರೂ ಕೇಳಿರಲಿಲ್ಲ.

ಗಂಡಸರನ್ನು ಕಳಿಸಿ, ಸಿಸ್ಟರ್ ತನ್ನ ಮುರಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವಳ ಪಕ್ಕ ಕೂತಳು. "ಊರಿಗಿ ಕಳಸ್ತೀವವ್ವಾ. ಆತನ ಮ್ಯಾಲ ಕೇಸ್ ಬ್ಯಾಡಂತ ಅಂತಾರ. ನೀ ಏನ ಅಂತಿ?"

ಅವಳಿಗೆ ತುಟಿ ಕೂಡುತ್ತಿರಲಿಲ್ಲ. ಒಂದೊಂದು ಮಾತಿಗೂ ಜೊಲ್ಲು, ರಕ್ತ. ಬಟ್ಟೆಯಿಂದ ಒರೆಸಿ ಒರೆಸಿ ಕೇಳಿಸಿಕೊಂಡೆವು. "ನಾ ಹೋದ್ರ... ನನ್ನ ತಂಗಿ ಬರ್ತಾಳ್ರಿ. ಆಕೀ ವೀಸಾ... ಮಾಡಿಸ್ಯಾನ. ಇದ ಮನಿಗಿ."

ಸಿಸ್ಟರ್ ನನ್ನ ಕಡೆ ತಿರುಗಿದಳು. ಬೆಳಿಗ್ಗೆಯಿಂದ ಮೊದಲ ಸಲ.

ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಒಂದು ಮರದ ಸೌಟನ್ನು ಪಟ್ಟಿಯ ಹಾಗೆ ಇಟ್ಟು ಮುಂಗೈ ಕಟ್ಟಲು ಹೇಳಿದಳು, ಹೇಗೆ ಕಟ್ಟಬೇಕೆಂದು ತಾನೇ ಹೇಳಿಕೊಟ್ಟಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅವನು ನಿಜವಾಗಿ ಹೇಳಿಬಿಟ್ಟರೆ?" ಎಂದೆ.

"ನನ್ನ ಸೊಂಟನೋವಿನ ಚೀಟಿ ತೋರಸ್ತೀನಿ. ಡಾಕ್ಟರು ಒಂದ ಮಂಚದ ಮ್ಯಾಲ ಮಲಗಂದಾರ ಅಂತ."

"ಜೋಕ್ ಬೇಡ ಮಾರಾಯ್ತಿ. ಹೆದರಿಕೆ ಇಲ್ವಾ ನಿಂಗೆ?"

"ಐತಿ," ಎಂದಳು. "ಭಾಳ ಐತಿ. ಕಾರ್ ತಗಿ."

ಸರಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆವು. ಅಧ್ಯಕ್ಷರು ಹೇಳಿದ ಹಾಗೆಯೇ ಪೊಲೀಸರು ಬಂದರು. ತರುಣಿಯನ್ನು ಒಳಗೆ ಕರೆದೊಯ್ದರು, ಸಿಸ್ಟರಿನ ಕೈಗೆ ಪ್ಲಾಸ್ಟರ್ ಬಿತ್ತು, ನನ್ನ ಎದೆಗೆ ಪಟ್ಟಿ. ಒಬ್ಬ ಯುವ ಮಹಿಳಾ ಅಧಿಕಾರಿ ದುಭಾಷಿಯೊಂದಿಗೆ ಕೂತು ಹೇಳಿಕೆ ತೆಗೆದುಕೊಂಡಳು. ಬಾಗಿಲು ಯಾವ ಕಡೆ ತೆರೆಯುತ್ತದೆ, ಅವನು ಯಾವ ಕೈಯಲ್ಲಿ ಜಡೆ ಹಿಡಿದಿದ್ದ, ಕೆಟಲಿನಲ್ಲಿ ಎಷ್ಟು ಚಹಾ ಇತ್ತು. ಚಹಾ ಎರಚಿದ್ದನ್ನೂ ಹೇಳಿದೆ. ದುಭಾಷಿ ಹುಬ್ಬೇರಿಸಿ ನೋಡಿದ. ಕೊನೆಗೆ ಅವಳು ಸಿಸ್ಟರಿನ ಕಡೆ ಕೈ ತೋರಿಸಿ, ಇವರು ನಿಮಗೆ ಏನಾಗಬೇಕು ಎಂದಳು.

"ಶೀ ಈಸ್ ಮೈ ಫ್ಯಾಮಿಲಿ," ಎಂದೆ. ಅಷ್ಟು ವರ್ಷದಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಅಧಿಕಾರಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು.

ಗುತ್ತಿಗೆದಾರನನ್ನು ಒಳಗೆ ಹಾಕಿದರು. ತಂಗಿಯ ವೀಸಾ ರದ್ದಾಯಿತು. ಅದನ್ನು ಕೇಳಿದಾಗ ತರುಣಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ತೆರೆಯಲಿಲ್ಲ. ಆದರೆ ಅವನಿಗೂ ವಕೀಲರಿದ್ದರು. ಮುಖ ಸುಟ್ಟದ್ದಕ್ಕೆ, ಮೂಗು ಮುರಿದದ್ದಕ್ಕೆ ನನ್ನ ಮೇಲೆ ಕೇಸು ಬಿತ್ತು. ಅದು ತೀರ್ಮಾನವಾಗುವವರೆಗೆ ನಾನು ದೇಶ ಬಿಡುವಂತಿಲ್ಲ. ಮಂಚದ ಮಾತನ್ನು ಅವನು ಪೊಲೀಸರಿಗೆ ಹೇಳಲೇ ಇಲ್ಲ. ಒಳಗಿಂದಲೇ ತನ್ನವರ ಮೂಲಕ ಹೇಳಿಸಿದ್ದು ಇಲ್ಲಿಯ ನಮ್ಮವರಿಗೆ. ರೂವಿಯ ತರಕಾರಿ ಅಂಗಡಿಯಲ್ಲಿ ನನ್ನನ್ನು ಕಂಡು ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಕೈ ಹಿಡಿದು ಬೇರೆ ಸಾಲಿಗೆ ಹೋದಳು. ಒಂದು ಮಧ್ಯಾಹ್ನ ಅವನ ಅಡುಗೆಯವರಿಬ್ಬರು ಮಾಂಸ ಕಡಿಯುವ ಕತ್ತಿಯಿಂದ ನಮ್ಮ ಕಾರಿನ ಗಾಜುಗಳನ್ನು ಒಂದೊಂದಾಗಿ ಒಡೆದರು, ಟಯರು ಸೀಳಿದರು. ನಾವು ಬಾಲ್ಕನಿಯಿಂದ ನೋಡುತ್ತಾ ನಿಂತೆವು. ಕೆಳಗಿಳಿಯಲು ಸಿಸ್ಟರ್ ಹೊರಟಳು, ನಾನು ಅವಳ ಸೆರಗು ಹಿಡಿದು ಬಿಡಲಿಲ್ಲ. ಸಂಘದವರು ಬಂದು, ಆರೋಗ್ಯದ ಕಾರಣ ಹೇಳಿ ಹುದ್ದೆ ಬಿಡಿ ಎಂದರು. ನನ್ನ ಆರೋಗ್ಯ ಚೆನ್ನಾಗಿದೆ ಎಂದೆ. ಅವರೇ ತೆಗೆದರು. ಕ್ಲಿನಿಕ್ಕಿನವರು ವಯಸ್ಸಾಯಿತೆಂದು ಸಿಸ್ಟರಿನ ವೀಸಾ ರದ್ದು ಮಾಡಿದರು. ನನ್ನದು ಹಳೆಯ ವಿದ್ಯಾರ್ಥಿಯೊಬ್ಬನ ಕಂಪೆನಿಯ ವೀಸಾ, ಅದು ಉಳಿಯಿತು. ಹೀಗೆ ಒಬ್ಬಳು ಹೋಗಲೇಬೇಕು, ಒಬ್ಬಳು ಹೋಗುವ ಹಾಗಿಲ್ಲ.

ಸಿಸ್ಟರ್ ಅತ್ತದ್ದನ್ನು ನಾನು ನೋಡಲಿಲ್ಲ. ಕೆಲಸ ಹುಡುಕಿಕೊಂಡಳು. ತರುಣಿಯ ದವಡೆಗೆ ಮೇಲೆ ಕೆಳಗೆ ಸೇರಿಸಿ ತಂತಿ ಬಿಗಿದಿದ್ದರು. ಗಂಜಿನೀರನ್ನು ಸ್ಟ್ರಾ ಹಾಕಿ ಕುಡಿಯಬೇಕು. ಹಾಗೆ ಬಾಯಿ ಕಟ್ಟಿದವಳು ವಿಮಾನದಲ್ಲಿ ವಾಂತಿ ಮಾಡಿಕೊಂಡರೆ ಅದು ಹೊರಗೆ ಬರಲು ದಾರಿಯಿಲ್ಲ, ಉಸಿರಿಗೆ ಹೋಗುತ್ತದೆ. ಸಿಸ್ಟರ್ ಸರ್ಜನ್ ಹತ್ತಿರ ಕಾದು ಕೂತು, ಪ್ರಯಾಣಕ್ಕೆ ಮೊದಲು ತಂತಿ ತೆಗೆಸಿ ರಬ್ಬರ್ ಹಾಕಿಸಿದಳು. ರಬ್ಬರನ್ನಾದರೆ ಚಿಕ್ಕ ಕತ್ತರಿಯಿಂದ ತಟ್ಟನೆ ತುಂಡರಿಸಬಹುದು. ಕತ್ತರಿಯನ್ನು ವಿಮಾನದ ಸಿಬ್ಬಂದಿಯ ಕೈಗೆ ಕೊಡುವುದೆಂದು ಏರ್‌ಲೈನಿನವರೊಂದಿಗೆ ಮಾತಾಡಿದಳು. ತಾನೂ ಅದೇ ವಿಮಾನಕ್ಕೆ ಟಿಕೆಟ್ ಮಾಡಿಸಿದಳು. ಎಡಗೈಯಲ್ಲಿ ಕತ್ತರಿ ಹಿಡಿದು ಅಡುಗೆಮನೆಯಲ್ಲಿ ರಬ್ಬರ್ ಬ್ಯಾಂಡ್ ಕತ್ತರಿಸಿ ಅಭ್ಯಾಸ ಮಾಡುತ್ತಿದ್ದಳು. ಬಲಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು.

ಆ ತರುಣಿ ಊರು ಮುಟ್ಟಿದಳು. ತಂಗಿ ಈಗ ಶಹಾಪುರದಲ್ಲಿ ಹೊಲಿಗೆ ಕಲಿಸುತ್ತಾಳಂತೆ. ಸಂಘದಲ್ಲಿ ನನ್ನ ಜಾಗಕ್ಕೆ ಬಂದ ಹುಡುಗಿ ರಾಜಿಯ ಚಹಾ ನಿಲ್ಲಿಸಿದಳು. ಈಗ ಅವರು ಮೊದಲು ಹೋಗುವುದು ಸರಕಾರಿ ಆಸ್ಪತ್ರೆಗೆ. ಅವಳು ಬಂದು ನನಗೆ ಹಾಗೆ ಹೇಳಿದಾಗ ನಾನು ಬ್ಲ್ಯಾಕ್ ಕಾಫಿ ಮಾಡಿ ಕೊಟ್ಟೆ.

ನನ್ನ ಕೇಸು ಮುಂದಕ್ಕೆ ಮುಂದಕ್ಕೆ ಹೋಯಿತು. ಮಳೆಗಾಲ ಬಂತು ಎಂದು ಇಲ್ಲಿಯವರು ಮಳೆ ನೋಡಲು ದಕ್ಷಿಣದ ಸಲಾಲಾಕ್ಕೆ ಹೋಗಿ ಬಂದರು, ಮರುವರ್ಷ ಇನ್ನೊಮ್ಮೆ ಹೋಗಿ ಬಂದರು. ಧಾರವಾಡದಲ್ಲಿ ಸಿಸ್ಟರ್ ನಮಗೆಂದು ನೆಲಮಹಡಿಯ ಮನೆ ನೋಡಿದ್ದಳು. ಅಡುಗೆಕಟ್ಟೆ ನನ್ನ ಎತ್ತರಕ್ಕೆ ಸರಿಯಾಗಿದೆ ಎಂದು ಫೋನಿನಲ್ಲಿ ಹೇಳಿದ್ದಳು. ಒಂದು ಬೆಳಿಗ್ಗೆ ಅವಳ ಅಣ್ಣನ ಸೊಸೆ ಫೋನ್ ಮಾಡಿದಳು. ಹಾಸಿಗೆಯಿಂದ ಎದ್ದವಳು ಹಾಗೆಯೇ ಬಿದ್ದಳಂತೆ, ಹಾರ್ಟ್. ಕಾಗದದಲ್ಲಿ ನಾನು ಅವಳಿಗೆ ಏನೂ ಅಲ್ಲ. ಅದನ್ನು ಹಿಡಿದುಕೊಂಡು ಹೋಗಿ ನ್ಯಾಯಾಲಯದಲ್ಲಿ ರಜೆ ಕೇಳುವುದು ಹೇಗೆ? ನಿಷೇಧ ತೆರವಾದದ್ದು ಅವಳ ಅಂತ್ಯಕ್ರಿಯೆಯ ಕೆಲಸಗಳೆಲ್ಲ ಮುಗಿದ ಮೇಲೆ. ಆಗ ಹೊರಡುವುದಕ್ಕೆ ಕಾರಣ ಉಳಿದಿರಲಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಮಸ್ಕತ್ ಏರ್‌ಪೋರ್ಟಿನಲ್ಲಿ. ತರುಣಿಯನ್ನು ವ್ಹೀಲ್‌ಚೇರಿನಲ್ಲಿ ಕೂರಿಸಿದ್ದೆವು. ಇಮಿಗ್ರೇಶನ್ ಬಾಗಿಲಿಗಿಂತ ಸ್ವಲ್ಪ ಮೊದಲು ಸಿಸ್ಟರಿನ ಶೂ ಲೇಸು ಬಿಚ್ಚಿಹೋಯಿತು. ಒಂದು ಕೈಯಲ್ಲಿ ಕಟ್ಟಿಕೊಳ್ಳಲು ಆಗದೆ ಅವಳು ನನ್ನನ್ನು ನೋಡಿದಳು. ಸುತ್ತ ನಮ್ಮವರೇ ಎಷ್ಟೋ ಜನ, ರಜೆಗೆ ಹೊರಟವರು. ಇಬ್ಬರು ನನ್ನನ್ನು ಗುರುತಿಸಿ ಪಿಸುಗುಟ್ಟಿದರು. ಹೊರಗೆ ಜನರೆದುರು ನಾನು ಅವಳ ಕೈ ಹಿಡಿದವಳೂ ಅಲ್ಲ. ಪಕ್ಕೆ ಹಿಡಿದುಕೊಂಡು ನೆಲದ ಮೇಲೆ ಕೂತೆ, ಅವಳ ಪಾದವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಲೇಸು ಕಟ್ಟಿದೆ.

"ಬಿಗಿ ಆತು," ಎಂದಳು.

ಬಿಚ್ಚಿ ಮತ್ತೆ ಕಟ್ಟಿದೆ.

"ಈಗ ಸಡಿಲಾತು."

"ಸುಮ್ಮನೆ ಸತಾಯಿಸ್ತೀಯಾ ನೀನು."

"ಹೌದು," ಎಂದಳು. "ಇನ್ನೊಮ್ಮೆ ಕಟ್ಟು."

ಇನ್ನೊಮ್ಮೆ ಕಟ್ಟಿದೆ. ಅವಳು ಪಾದ ಕೆಳಗಿಟ್ಟು, ನೆಲಕ್ಕೆ ಒತ್ತಿ ನೋಡಿ, ಸಾಕು ಎಂಬಂತೆ ತಲೆಯಾಡಿಸಿದಳು. ಎಡಗೈಯಿಂದ ವ್ಹೀಲ್‌ಚೇರಿನ ಹಿಡಿ ಹಿಡಿದು ತಳ್ಳಿದಳು. ಒಂದೇ ಕೈಯಾದ್ದರಿಂದ ಅದು ಬಲಕ್ಕೆ ಬಲಕ್ಕೆ ವಾಲುತ್ತಿತ್ತು. ಪ್ರತಿ ಸಲವೂ ಸೊಂಟದಿಂದ ತಳ್ಳಿ ನೇರ ಮಾಡಿಕೊಳ್ಳುತ್ತಾ, ಹಿಂದೆ ತಿರುಗದೆ, ಬಾಗಿಲು ದಾಟಿ ಹೋದಳು.